ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ತುಂಬಿದ ಕೆಲಸ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯಲ್ಲಿ ಹಳೆಯ ಕಲ್ಲುಮನೆಗಳ ದುರಸ್ತಿ ನನ್ನ ಕಸುಬು. ಹೋದ ಬೇಸಿಗೆಯಲ್ಲಿ ಕೈಗೆತ್ತಿಕೊಂಡದ್ದು 17ನೇ ಶತಮಾನದ ಒಂದು ರೈತರ ಮನೆ. ಅದರ ಪಡುವಣ ಗೋಡೆಯ ಒಳಮೈ ವರ್ಷವಿಡೀ ತೇವ. ಮಳೆಗಾಳಿ ಬೀಸುವುದು ಆ ಕಡೆಯಿಂದಲೇ, ನಿಜ. ಆದರೆ ಮುನ್ನೂರು ವರ್ಷ ತಡೆದುಕೊಂಡ ಗೋಡೆ ಈಗೇಕೆ ಸೋತಿತು? ಹಿಂದೆ ಯಾರೋ ಸಂದುಗಳಿಂದ ಸುಣ್ಣದ ಗಾರೆಯನ್ನು ಕಿತ್ತು ಸಿಮೆಂಟ್ ಮೆತ್ತಿದ್ದರು.

ಇಲ್ಲಿನದು ಜುರಾಸಿಕ್ ಕಾಲದ ಸುಣ್ಣಕಲ್ಲು. ಹತ್ತಿರದಿಂದ ನೋಡಿದರೆ ಮೀನಿನ ಮೊಟ್ಟೆಗಳಂತೆ ಗುಂಡು ಕಣಗಳು ಒತ್ತಾಗಿ ಕೂತಿರುತ್ತವೆ. ಅದು ಕುಡಿದ ನೀರು ಬಹುಪಾಲು ಸುಣ್ಣದ ಸಂದುಗಳ ಮೂಲಕವೇ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚಿದ್ದರಿಂದ ನೀರು ಕಲ್ಲಿನಲ್ಲೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖವನ್ನು ಪದರಪದರವಾಗಿ ಉದುರಿಸಿತ್ತು. ಸಿಮೆಂಟಿನ ಗೆರೆಗಳು ಮಾತ್ರ ಜಗ್ಗದೆ ಹೊರಚಾಚಿ ನಿಂತಿದ್ದವು.

ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದ್ದರಿಂದ ಮೊದಲು ಗೋಡೆಯ ಮೂಲೆಯಲ್ಲೊಂದು ಮಾದರಿ ಮಾಡಿ ಅಧಿಕಾರಿಗಳಿಗೆ ತೋರಿಸಿದೆವು. ಕಲ್ಲು ಕೊಯ್ಯುವ ಗ್ರೈಂಡರ್ ಯಂತ್ರ ಮುಟ್ಟಲು ಯಾರಿಗೂ ಬಿಡಲಿಲ್ಲ. ಕಲ್ಲಿನ ಅಂಚು ಕತ್ತರಿಸಿ ಸಂದು ಅಗಲವಾದರೆ ಗೋಡೆಯ ಚಹರೆಯೇ ಕೆಡುತ್ತದೆ. ಉಳಿ, ಸುತ್ತಿಗೆಯಿಂದಲೇ ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆತ್ತಿದೆವು. ದೂಳು ತೆಗೆದು, ಗೋಡೆಗೆ ನೀರು ಹೊಡೆದು, 1 ಭಾಗ ಹೈಡ್ರಾಲಿಕ್ ಸುಣ್ಣಕ್ಕೆ (ನೀರು ಬೆರೆತಾಗ ಗಟ್ಟಿಯಾಗುವ ಸುಣ್ಣ) 3 ಭಾಗ ಒರಟು ಮರಳು ಬೆರೆಸಿದ ಗಾರೆ ತುಂಬಿದೆವು. ಅದು ಹೆಬ್ಬೆರಳಿಗೆ ಬಗ್ಗದಷ್ಟು ಬಿಗಿದ ಮೇಲೆ ಗಡುಸಾದ ಬ್ರಷ್ಷಿನಿಂದ ಕುಟ್ಟಬೇಕು. ಆಗ ಮೇಲಿನ ಸುಣ್ಣದ ಕೆನೆ ಹೋಗಿ ಮರಳಿನ ಕಾಳು ಕಾಣುತ್ತದೆ. ಕರಣೆಯಿಂದ ನುಣ್ಣಗೆ ತೀಡುವ ಚಪಲವನ್ನು ಹೊಸಬರಿಂದ ಬಿಡಿಸುವುದೇ ದೊಡ್ಡ ಕೆಲಸ. ಕೊನೆಗೆ ಒದ್ದೆ ಗೋಣಿತಾಟಿನ ಹೊದಿಕೆ.

ಮುಖ ಉದುರಿದ ಕಲ್ಲುಗಳಲ್ಲಿ ತೀರಾ ಶಿಥಿಲವಾದವನ್ನಷ್ಟೇ ಬದಲಿಸಿದೆವು. ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಹೊಸದಾಗಿಸುವುದಕ್ಕಿಂತ ದುರಸ್ತಿಯೇ ಮೇಲು ಎನ್ನುತ್ತ ಬಂದಿದೆ. ನನ್ನ ಮತವೂ ಅದೇ.

ಮನೆಯೊಡತಿ ನೀರು ತಡೆಯುವ ಲೇಪ ಬಳಿಯಬಾರದೇ ಎಂದು ಕೇಳಿದರು. ನಾನು ಒಪ್ಪಲಿಲ್ಲ. ಕಟ್ಟಿದವರೇ ನೀರಿನ ಲೆಕ್ಕ ಹಾಕಿದ್ದಾರೆ: ಕಡಿದಾದ ಛಾವಣಿ, ಅದರ ಕೆಳಯಂಚಿಗೆ ದೊಡ್ಡ ಕಲ್ಲುಬಿಲ್ಲೆ, ಮೇಲೇರಿದಂತೆ ಚಿಕ್ಕವು, ಕಿಟಕಿಗಳ ನೆತ್ತಿಯಲ್ಲಿ ಹನಿಯನ್ನು ಗೋಡೆಯಿಂದಾಚೆ ಬೀಳಿಸುವ ಕಲ್ಲಿನ ಪಟ್ಟಿ.

5 ಡಿಗ್ರಿಗಿಂತ ಕೆಳಗೆ ಸುಣ್ಣದ ಕೆಲಸ ಸಲ್ಲದು. ಹಾಗಾಗಿ ಬಡಗಣ ಗೋಡೆಯನ್ನು ಮುಂದಿನ ಏಪ್ರಿಲ್‌ಗೆ ಬಿಟ್ಟಿದ್ದೇವೆ. ಪಡುವಣ ಗೋಡೆ ಪೂರ್ತಿ ಆರುವವರೆಗೆ ಒಳಗೆ ಪೇಂಟ್ ಹಚ್ಚಬೇಡಿ ಎಂದು ಒಡತಿಗೆ ಹೇಳಿ ಬಂದಿದ್ದೇನೆ.