ನೆಂಟರ ಊಟಕ್ಕೆ ರೆಡ್ ವೈನ್: ಮೊದಲು ಅಡುಗೆ ನೋಡಿ, ಆಮೇಲೆ ಬಾಟಲಿ

ಶನಿವಾರ ರಾತ್ರಿ ಗೆಳೆಯರನ್ನು ಊಟಕ್ಕೆ ಕರೆದಿದ್ದೀರಿ. ಜೊತೆಗೊಂದು ರೆಡ್ ವೈನ್ ಇದ್ದರೆ ಚೆನ್ನ ಅನಿಸಿದೆ, ಯಾವುದು ತರಬೇಕೆಂದು ಗೊತ್ತಿಲ್ಲ. ಅಂಗಡಿಗೆ ಹೊರಡುವ ಮೊದಲು ಒಲೆಯ ಮೇಲೇನಿದೆ ಎಂದು ನೋಡಿ.

ಕೆಂಪು ವೈನಿಗೆ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ರಸವು ಸಿಪ್ಪೆ, ಬೀಜದ ಜೊತೆಗೇ ಹುದುಗುವುದರಿಂದ ಟ್ಯಾನಿನ್ ಕೂಡ ಅದರೊಳಗೆ ಇಳಿಯುತ್ತದೆ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುವ ಒಗರು ಇದೆಯಲ್ಲ, ಅಂಥದ್ದೇ ಇದು. ಈ ಒಗರಿಗೂ ನಮ್ಮ ಖಾರಕ್ಕೂ ಆಗಿಬರುವುದಿಲ್ಲ. ಒಣಮೆಣಸಿನಕಾಯಿ ಧಾರಾಳವಾಗಿ ಬಿದ್ದ ಕೋಳಿ ಸಾರಿನ ಜೊತೆ ಟ್ಯಾನಿನ್ ಜಾಸ್ತಿಯಿರುವ ವೈನ್ ಕುಡಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಆದರೆ ಕೊಬ್ಬಿರುವ ಮಟನ್ ಚಾಪ್ಸ್ ಜೊತೆ ಅದೇ ವೈನ್ ಮೆತ್ತಗಾಗುತ್ತದೆ.

ಹಾಗಾಗಿ ದ್ರಾಕ್ಷಿ ತಳಿಯ ಹೆಸರು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಯಾಬರ್ನೆ ಸಾವಿನ್ಯೋ ಗಡುಸು, ಒಗರು ಹೆಚ್ಚು. ಮೆರ್ಲೋ ಮೃದು. ಶಿರಾಜ್‌ನಲ್ಲಿ ಕರಿಮೆಣಸಿನ ಘಮ ಇರುತ್ತದೆ. ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ಅಂಶ ನಿಜಕ್ಕೂ ಕರಿಮೆಣಸಿನಲ್ಲೂ ಇದೆ. ಪೆಪ್ಪರ್ ಚಿಕನ್, ಅಣಬೆ ಪಲ್ಯ, ಎಣ್ಣೆಗಾಯಿ ಮಾಡುವ ಮನೆಗೆ ನಾನು ಕಣ್ಣುಮುಚ್ಚಿ ಹೇಳುವುದು ಶಿರಾಜ್.

ಕಡಿಮೆ ಬೆಲೆಗೆ ಸಿಗುವ ‘ಪೋರ್ಟ್’ ಬಾಟಲಿಗಳ ಬಗ್ಗೆ ಎಚ್ಚರ. ಅವು ಸಿಹಿ ವೈನ್. ಸಿಹಿ ಇಷ್ಟಪಡುವವರು ಊಟವಾದ ಮೇಲೆ ಕುಡಿಯಲಿ, ತಪ್ಪಿಲ್ಲ. ಸಾರು–ಮುದ್ದೆಯ ಜೊತೆ ಹೊಂದುವುದಿಲ್ಲ. ಊಟಕ್ಕೆ ಬೇಕಾದದ್ದು ‘ಡ್ರೈ’, ಅಂದರೆ ಸಿಹಿ ಇಲ್ಲದ್ದು.

ಬಜೆಟ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದರೆ ವಿದೇಶಿ ಬಾಟಲಿಯ ಆಸೆ ಬಿಡಿ. ಆಮದು ಸುಂಕ, ಸಾಗಣೆಗೇ ದುಡ್ಡಿನ ದೊಡ್ಡ ಪಾಲು ಹೋಗುತ್ತದೆ. ನಂದಿ ಬೆಟ್ಟದ ತಪ್ಪಲಲ್ಲಿ ದೊಡ್ಡಬಳ್ಳಾಪುರದ ಬಳಿಯಿರುವ ಗ್ರೋವರ್, ನಾಸಿಕ್‌ನ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲಿ, ಇವುಗಳ ಆರಂಭದ ಶ್ರೇಣಿಯ ರೆಡ್ ವೈನ್‌ಗಳನ್ನು ನೋಡಿ. ಲೇಬಲ್ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಅಗ್ಗದ ವೈನ್ ಇಟ್ಟಷ್ಟೂ ರುಚಿಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಎರಡು ಮೂರು ವರ್ಷದೊಳಗಿನದ್ದೇ ತನ್ನಿ. ಬಿಸಿಲು ಬೀಳುವ ಕಪಾಟಿನ ಬಾಟಲಿ ಬೇಡ. ತಿರುಪು ಮುಚ್ಚಳ ಇದ್ದರೆ ಕೀಳು ಎಂದುಕೊಳ್ಳಬೇಡಿ, ಕಾರ್ಕ್‌ಸ್ಕ್ರೂ ಹುಡುಕುವ ಗೋಜೂ ಇಲ್ಲ.

750 ಮಿಲಿಲೀಟರ್ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್ ಆಗುತ್ತದೆ. ಆರು ಜನರಿಗೆ ಎರಡು ಬಾಟಲಿ ತಂದರೆ ಸಾಕು. ಕುಡಿಯದವರಿಗೆ ಕೋಕಂ ಶರಬತ್ತೋ ಮಜ್ಜಿಗೆಯೋ ಇರಲಿ, ಗಾಡಿ ಓಡಿಸುವವರಿಗೆ ಒತ್ತಾಯ ಬೇಡ.

ರೆಡ್ ವೈನ್ ‘ರೂಮ್ ಟೆಂಪರೇಚರ್‌’ನಲ್ಲಿ ಕೊಡಬೇಕು ಅನ್ನುತ್ತಾರೆ. ಅದು ಯುರೋಪಿನ ತಣ್ಣನೆಯ ಕೋಣೆಯ ಲೆಕ್ಕ, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೆ 30 ಡಿಗ್ರಿ ಇರುವಾಗ ಹಾಗೇ ಸುರಿದರೆ ಆಲ್ಕೋಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಬಡಿಸುವ ಒಂದು–ಒಂದೂವರೆ ಗಂಟೆ ಮುಂಚೆ ಫ್ರಿಜ್‌ನಲ್ಲಿಡಿ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಘಮಕ್ಕೆ ಜಾಗ ಬೇಕು.

ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ಗೇ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಹುಳಿ ಬಂದಿಲ್ಲದಿದ್ದರೆ ಮಟನ್ ಬೇಯಿಸುವಾಗ ಒಂದು ಗ್ಲಾಸ್ ಹಾಕಬಹುದು.