22–22 ಬಂದ ದಿನ: ನಮ್ಮ ತರಗತಿಯಲ್ಲಿ ಸಂವಿಧಾನದ 189ನೇ ವಿಧಿ ತಿದ್ದಲು ಹೊರಟ ಅನುಭವ

ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳಿಂದ ಅಣಕು ವಿಧಾನಸಭೆ ನಡೆಸುತ್ತೇವೆ. ಈ ಸಲ 45 ಮಕ್ಕಳಿದ್ದರು. ಒಬ್ಬಳು ಸಭಾಧ್ಯಕ್ಷೆ, ಉಳಿದ 44 ಜನ ಶಾಸಕರು. ರಾತ್ರಿ ಹತ್ತರ ಮೇಲೆ ಮೆರವಣಿಗೆಯಲ್ಲಿ ಡಿಜೆ ಹಾಕಿದರೆ ದಂಡ ಅನ್ನುವ ಮಸೂದೆ ಅವರೇ ಬರೆದದ್ದು.

ಧ್ವನಿಮತಕ್ಕೆ ಹಾಕಿದಾಗ ಎರಡೂ ಕಡೆಯಿಂದ ಒಂದೇ ಸಮ ಕೂಗು. ಸರಿ, ಬೆಂಚು ಬೆಂಚಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದೆವು. ಪರವಾಗಿ 22. ವಿರುದ್ಧವಾಗಿ 22. ಮತ್ತೊಮ್ಮೆ ಎಣಿಸಿದೆವು. ಅದೇ ಲೆಕ್ಕ.

ಕುರ್ಚಿಯಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು. ಅವಳ ಮನೆ ಇರುವುದು ಕಲ್ಯಾಣ ಮಂಟಪದ ಹಿಂದೆ. ಮಸೂದೆ ಪಾಸಾಗಲಿ ಅಂತ ಅವಳಿಗೆ ತುಂಬಾ ಆಸೆ ಇತ್ತು. ಆದರೂ ಮೆಲ್ಲಗೆ ಕೇಳಿದಳು: "ಸರ್, ನಾನು ಯಾರ ಕಡೆಗೂ ಓಟು ಹಾಕದೆ ಸುಮ್ನೆ ಇರಬಹುದಾ?"

ಇರುವ ಹಾಗಿಲ್ಲ. 189ನೇ ವಿಧಿಯ ಪ್ರಕಾರ ಸಭಾಧ್ಯಕ್ಷರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ. ಮತ ಸಮ ಬಂದರೆ ಮಾತ್ರ ಅವರಿಗೆ ನಿರ್ಣಾಯಕ ಮತ. ಅದನ್ನು ಅವರು ಚಲಾಯಿಸಲೇಬೇಕು. ಯಾವ ಕಡೆ ಅನ್ನುವುದನ್ನು ಮಾತ್ರ ಸಂವಿಧಾನ ಹೇಳುವುದಿಲ್ಲ. ಅಲ್ಲಿ ಸಂಪ್ರದಾಯ ಬರುತ್ತದೆ. 1867ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯ ಸ್ಪೀಕರ್ ಡೆನಿಸನ್ ಹಿಡಿದ ದಾರಿ ಅದು: ಬದಲಾವಣೆ ಮಾಡಬೇಕಾದವರು ಬಹುಮತ, ಸ್ಪೀಕರ್ ಅಲ್ಲ. ಚರ್ಚೆ ಮುಂದುವರಿಸಲು ಅವಕಾಶವಿದ್ದರೆ ಅದಕ್ಕೆ ಮತ ಕೊಡು, ಕೊನೆಯ ಹಂತವಾದರೆ ಇದ್ದದ್ದನ್ನು ಇದ್ದಂತೆ ಬಿಡು. ನಮ್ಮದು ಕೊನೆಯ ಹಂತ. ಆ ಹುಡುಗಿ ಒಂದು ನಿಮಿಷ ತಲೆ ತಗ್ಗಿಸಿ ಕೂತು, ಆಮೇಲೆ ತನ್ನ ಆಸೆಗೆ ವಿರುದ್ಧವಾಗಿಯೇ ಮತ ಹಾಕಿದಳು. ಮಸೂದೆ ಬಿತ್ತು. ಅವಳ ಬಗ್ಗೆ ನನಗೆ ಅವತ್ತು ಬಹಳ ಹೆಮ್ಮೆ ಆಯಿತು.

ಸೋತವರಿಗೆ ಸಿಟ್ಟು. "ಒಬ್ಬರ ಕೈಗೆ ಯಾಕೆ ಇಷ್ಟು ಅಧಿಕಾರ ಸರ್? ಈ ವಿಧಿಯನ್ನೇ ತಿದ್ದೋಣ" ಅಂದರು. ತಿದ್ದೋಣ, ಮೊದಲು ಲೆಕ್ಕ ನೋಡೋಣ ಅಂದೆ.

ನಮ್ಮ ಕರ್ನಾಟಕದ ವಿಧಾನಸಭೆಗೆ ಆರಿಸಿ ಬರುವವರು 224 ಜನ. ಮೊದಲು ಇನ್ನೊಬ್ಬ ಆಂಗ್ಲೋ ಇಂಡಿಯನ್ ಸದಸ್ಯರ ನಾಮಕರಣ ಇತ್ತು, ಒಟ್ಟು 225. ಸಭಾಧ್ಯಕ್ಷರನ್ನು ಬಿಟ್ಟರೆ 224. ಅಂದರೆ ಪೂರ್ಣ ಹಾಜರಿಯಲ್ಲೂ 112–112 ಬರಬಹುದಿತ್ತು. 104ನೇ ತಿದ್ದುಪಡಿ ಬಂದು 2020ರ ಜನವರಿಯಿಂದ ಆ ನಾಮಕರಣ ನಿಂತಿತು. 2023ರಲ್ಲಿ ಆಯ್ಕೆಯಾದ ಸಭೆಯಲ್ಲಿ ಸಭಾಧ್ಯಕ್ಷರನ್ನು ಬಿಟ್ಟು ಉಳಿಯುವುದು 223. ಎಲ್ಲರೂ ಬಂದು ಮತ ಹಾಕಿದರೆ ಸಮ ಬರುವುದೇ ಇಲ್ಲ! ಆ ತಿದ್ದುಪಡಿ ಮಾಡಿದ್ದು ಇದಕ್ಕಲ್ಲ, ಆದರೂ ಹೀಗಾಯಿತು. ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಮಾಡಿದ ಹುಡುಗ ತಾನೇ ಬೆರಗಾಗಿ ನಿಂತುಬಿಟ್ಟ. ಆದರೆ ಎಲ್ಲರೂ ಬರಬೇಕಲ್ವಾ? 2019ರ ಜುಲೈ 23ರ ವಿಶ್ವಾಸಮತ 99–105. ಕೂಡಿದರೆ 204 ಅಷ್ಟೇ. ಇನ್ನು ವಿಧಾನ ಪರಿಷತ್ತಿನ 75ರಲ್ಲಿ ಸಭಾಪತಿಯನ್ನು ಬಿಟ್ಟರೆ 74. ಅಲ್ಲಿ 37–37 ಈಗಲೂ ಬರಬಹುದು.

ಹಾಗಾಗಿ ಸಂಖ್ಯೆಯ ದಾರಿ ಬಿಟ್ಟು ನಿಯಮವನ್ನೇ ಬದಲಿಸಲು ಕೂತರು. ಆಸ್ಟ್ರೇಲಿಯಾದ ಸೆನೆಟ್ಟಿನ ಪದ್ಧತಿ ಹೇಳಿದೆ. ಅಲ್ಲಿ ಅಧ್ಯಕ್ಷರೂ ಎಲ್ಲರ ಹಾಗೆ ಒಂದು ಮತ ಹಾಕುತ್ತಾರೆ. ಸಮ ಬಂದರೆ ಪ್ರಸ್ತಾಪ ಬಿದ್ದ ಹಾಗೆ. ಎಲ್ಲರಿಗೂ ಹಿಡಿಸಿತು. ಹತ್ತೇ ನಿಮಿಷದಲ್ಲಿ ಕರಡು ರೆಡಿ.

ಅಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸರ್, ಮುಖ್ಯಮಂತ್ರಿ ವಿಶ್ವಾಸಮತ ಕೇಳಿ ಸಮ ಬಂದರೆ ಸರ್ಕಾರ ಬೀಳುತ್ತೆ. ವಿರೋಧ ಪಕ್ಷ ಅವಿಶ್ವಾಸ ತಂದು ಸಮ ಬಂದರೆ ಅದೇ ಸರ್ಕಾರ ಉಳಿಯುತ್ತೆ. ಅದೇ ಜನ, ಅದೇ ಓಟು!"

ಇಡೀ ತರಗತಿ ನಿಶ್ಶಬ್ದ. ಇಷ್ಟು ವರ್ಷ ಈ ವಿಧಿ ಓದಿಸಿದ್ದೇನೆ, ನನಗೇ ಇದು ಹೊಳೆದಿರಲಿಲ್ಲ. ಪ್ರಶ್ನೆಯನ್ನು ಯಾರು, ಹೇಗೆ ಮುಂದಿಟ್ಟರು ಅನ್ನುವುದರ ಮೇಲೆಯೇ ಗೆಲುವು ನಿಂತಂತಾಯಿತು. ಬಜೆಟ್ಟಿನ ಧನವಿನಿಯೋಗ ಮಸೂದೆಗೂ ಇದೇ ತೊಡಕು, ಸಮ ಬಂದರೆ ಖಜಾನೆಯಿಂದ ದುಡ್ಡು ತೆಗೆಯುವ ಹಾಗಿಲ್ಲ. ಕೊನೆಗೆ ಕರಡು ಹೀಗಾಯಿತು: ಸಮ ಬಂದರೆ 24 ಗಂಟೆ ಬಿಟ್ಟು ಇನ್ನೊಂದು ಸಲ ಮತ. ಆಗಲೂ ಸಮವಾದರೆ ಪ್ರಸ್ತಾಪ ಬಿತ್ತು. ವಿಶ್ವಾಸ, ಅವಿಶ್ವಾಸ, ಹಣದ ಮಸೂದೆಗಳಿಗೆ ಮಾತ್ರ ನಿರ್ಣಾಯಕ ಮತ ಹಾಗೇ ಇರಲಿ. ಸಭಾಧ್ಯಕ್ಷರನ್ನೇ ಇಳಿಸುವ ನಿರ್ಣಯವನ್ನು ಮುಟ್ಟಲಿಲ್ಲ. ಆಗ ಅವರಿಗೆ ಸದಸ್ಯರಂತೆ ಒಂದು ಮತ ಇದೆ, ನಿರ್ಣಾಯಕ ಮತ ಇಲ್ಲ ಅಂತ 181ನೇ ವಿಧಿಯೇ ಹೇಳಿದೆ.

ಆಮೇಲೆ ಕೋಣೆಯನ್ನು ಲೋಕಸಭೆ ಮಾಡಬೇಕಾಯಿತು. ಯಾಕಂದರೆ ರಾಜ್ಯದ ಸದನದ ಈ ನಿಯಮವನ್ನು ರಾಜ್ಯದ ಸದನ ತಿದ್ದುವಂತಿಲ್ಲ. 368ನೇ ವಿಧಿಯಲ್ಲಿ ರಾಜ್ಯಗಳ ಒಪ್ಪಿಗೆ ಬೇಕಾದ ವಿಷಯಗಳ ಪಟ್ಟಿ ಇದೆ, ಅದರಲ್ಲಿ 189 ಇಲ್ಲ. ಸಂಸತ್ತಿನ ವಿಶೇಷ ಬಹುಮತ ಸಾಕು. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ಸದನ ಹೇಗೆ ತೀರ್ಮಾನ ಮಾಡಬೇಕು ಅನ್ನುವುದನ್ನು ಕೊನೇಪಕ್ಷ ನಮ್ಮನ್ನು ಕೇಳಬೇಕು. ಮಕ್ಕಳಿಗೂ ಅದನ್ನೇ ಹೇಳಿದೆ.

ಮತ ಹಾಕಿದವರು 44. ವಿಶೇಷ ಬಹುಮತಕ್ಕೆ ಅದರಲ್ಲಿ ಮೂರನೇ ಎರಡು, ಅಂದರೆ 30 ಬೇಕು. ಬಂದದ್ದು 28. ತಿದ್ದುಪಡಿ ಬಿತ್ತು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ವಿರುದ್ಧ ಮತ ಹಾಕಿದ 16 ಜನರ ಬೆಂಚುಗಳ ಸುತ್ತ ಉಳಿದವರು ಆಗಲೇ ಸೇರಿಕೊಂಡಿದ್ದರು, ಕೈಯಲ್ಲಿ ಕರಡು ಹಿಡಿದುಕೊಂಡು.