ಹೆಗಲು ಎಷ್ಟು ಎತ್ತರ ಅಂತ ಕೇಳಿದರು

2023ರಲ್ಲಿ, ಮಳೆಗಾಲ ಇನ್ನೂ ಮುಗಿದಿರಲಿಲ್ಲ, ನಮ್ಮ ಕಟ್ಟಡದ ಲಿಫ್ಟ್ ಪಕ್ಕ ಒಂದು ಚೀಟಿ ಕಂಡಿತು. ಟೋಕಿಯೋದ ಕೋಟೋ ವಾರ್ಡಿಗೆ ಬಂದು ಆಗ ಒಂದು ವರ್ಷ. ಜಪಾನಿ ಓದೋದು ಇನ್ನೂ ತಿಣುಕಾಟವೇ. ಫೋನ್ ಹಿಡಿದು ನೋಡಿದೆ: ಮಿಕೋಶಿ ಹೊರಲು ಜನ ಬೇಕು.

ಮಿಕೋಶಿ ಅಂದರೆ ಜಪಾನಿನ ಶಿಂಟೋ ಧರ್ಮದ ದೇವರ ಪಲ್ಲಕ್ಕಿ. ನಮ್ಮ ಬೀದಿಗಳು ತೋಮಿಯೋಕಾ ಹಾಚಿಮಾನ್ ಗುಡಿಗೆ ಸೇರಿದವು. ಗುಡಿ ಶುರುವಾಗಿದ್ದು 1627ರಲ್ಲಿ. ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ, ಆಗಸ್ಟ್ ಮಧ್ಯದಲ್ಲಿ. ಆ ದಿನ ಬೇರೆ ಬೇರೆ ಬಡಾವಣೆಗಳ ಐವತ್ತಕ್ಕೂ ಜಾಸ್ತಿ ಮಿಕೋಶಿಗಳು ಒಂದರ ಹಿಂದೆ ಒಂದು ಹೊರಡುತ್ತವೆ. 2020ರ ಸರದಿ ಕೊರೊನಾದಿಂದ ತಪ್ಪಿಹೋಗಿ, 2017ರ ನಂತರ ಮತ್ತೆ ನಡೆದದ್ದು 2023ರಲ್ಲೇ. ಅಷ್ಟರಲ್ಲಿ ಹೊರುವವರಿಗೂ ಆರು ವರ್ಷ ವಯಸ್ಸಾಗಿತ್ತಲ್ಲ. ಚೀಟಿ ಅಂಟಿಸಿದ್ದು ಅದಕ್ಕೇ.

ಚೋಕೈ ಅಂತ ನಾಲ್ಕಾರು ಬೀದಿಗಳ ಸಂಘ ಇರುತ್ತದೆ. ಅವರ ಸಭೆಮನೆಗೆ ಹೋದೆ. ‘ನಾನು ಹಿಂದೂ, ನಿಮ್ಮ ದೇವರನ್ನು ಮುಟ್ಟಬಹುದಾ’ ಅಂತ ಜಪಾನಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಹೇಳುವ ಸಂದರ್ಭವೇ ಬರಲಿಲ್ಲ. ಎಪ್ಪತ್ತು ದಾಟಿದ ಹಿರಿಯರೊಬ್ಬರು ನನ್ನನ್ನು ಬಾಗಿಲ ಪಕ್ಕ ನಿಲ್ಲಿಸಿ, ಹೆಗಲ ಮೇಲೆ ಅಂಗೈ ಇಟ್ಟು, ಎಷ್ಟು ಎತ್ತರ ಅಂತ ಕೇಳಿದರು. 180 ಸೆಂಟಿಮೀಟರ್ ಅಂದೆ. ‘ಪಾಪ’ ಅನ್ನೋ ಥರ ತಲೆ ಆಡಿಸಿದರು.

ಯಾಕೆ ಪಾಪ ಅಂತ ಮೊದಲ ಅಭ್ಯಾಸದಲ್ಲೇ ಗೊತ್ತಾಯಿತು. ಮರದ ದೊಣ್ಣೆ ಎಲ್ಲರ ಹೆಗಲ ಮೇಲೂ ಒಂದೇ ಸಮ ಕೂರಬೇಕು. ಅಕ್ಕಪಕ್ಕದವರು ಗಿಡ್ಡ, ನೀವು ಉದ್ದ ಆದರೆ, ಅವರ ಪಾಲಿನ ಭಾರವೂ ನಿಮ್ಮದೇ. ಮಂಡಿ ಬಗ್ಗಿಸಿ ತಗ್ಗಿದರೆ ಹತ್ತು ನಿಮಿಷಕ್ಕೆ ತೊಡೆ ನಡುಗುತ್ತದೆ. ಕೊನೆಗೆ ನನ್ನನ್ನು ಇನ್ನಿಬ್ಬರು ಎತ್ತರದ ಹುಡುಗರ ಜೊತೆ ಒಂದೇ ಸಾಲಿಗೆ ಹಾಕಿದರು. ಅದೇ ಸರಿಯಾದ ದಾರಿ. ಹೋಗುವವರಿದ್ದರೆ ಮೊದಲೇ ಕೇಳಿ, ನಾಚಿಕೆ ಪಡಬೇಡಿ. ಇನ್ನೊಂದು, ದೊಣ್ಣೆಗೂ ಹೆಗಲಿಗೂ ನಡುವೆ ಸಂದು ಬಿಡಬಾರದು. ಬಿಟ್ಟರೆ ಪ್ರತಿ ಹೆಜ್ಜೆಗೂ ಒಂದು ಏಟು. ಕುತ್ತಿಗೆಗೆ ಒತ್ತಿಕೊಂಡು, ಹೆಜ್ಜೆ ಚಿಕ್ಕದಾಗಿ ಇಡಬೇಕು. ದೊಡ್ಡ ಹೆಜ್ಜೆ ಇಟ್ಟು ಮುಂದಿನವನ ಹಿಮ್ಮಡಿ ನಾನು ಎಷ್ಟು ಸಲ ತುಳಿದೆನೋ!

ಹೊರೋದಕ್ಕಿಂತ ಬೇರೆ ಕೆಲಸವೇ ಜಾಸ್ತಿ. ಪಾರ್ಕ್ ಗುಡಿಸು, ಶಾಮಿಯಾನ ಕಟ್ಟು, ಲಾಟೀನು ತೂಗುಹಾಕು. ಚಂದಾ ಕೊಟ್ಟವರ ಹೆಸರನ್ನು ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸುತ್ತಾರೆ, ಮೊತ್ತದ ಸಮೇತ. ಸಂಜೆ ಬಂದವರೆಲ್ಲ ದೇವರಿಗೆ ಕೈ ಮುಗಿಯುವ ಮೊದಲು ಪಕ್ಕದ ಮನೆಯವರು ಎಷ್ಟು ಕೊಟ್ಟರು ಅಂತ ಓದುತ್ತಿದ್ದರು. ನಮ್ಮ ಗಣೇಶನ ಪೆಂಡಾಲಿನಲ್ಲಿ ಕೂತ ಹಾಗೇ ಅನ್ನಿಸಿತು.

ಹಬ್ಬದ ಮುಂಚೆ ಅರ್ಚಕರು ಬಂದು ಮಿಕೋಶಿಯೊಳಗೆ ದೇವರನ್ನು ಬರಮಾಡಿಕೊಂಡರು. ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ನಮ್ಮ ತಲೆಯ ಮೇಲೆ ಆಡಿಸಿದರು. ಆಮೇಲೆ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೆ ಒಂದು ಸಲ ಬಾಗೋದು. ನಾನು ಮೂರನೇ ಚಪ್ಪಾಳೆ ಹೊಡೆದೆ, ಒಬ್ಬನೇ. ಯಾರೂ ತಿರುಗಿ ನೋಡಲಿಲ್ಲ. ಅದೂ ಒಂದು ಮರ್ಯಾದೆ.

ಬೈಸಿಕೊಂಡಿದ್ದು ಬೇರೆ ವಿಷಯಕ್ಕೆ. ಮಿಕೋಶಿ ಹೊರಗೆ ತಂದಾಗ ಫೋಟೋ ಚೆನ್ನಾಗಿ ಬರುತ್ತೆ ಅಂತ ಎರಡನೇ ಮಹಡಿ ಹತ್ತಿದ್ದೆ. ಕೆಳಗಿನಿಂದ ಅದೇ ಹಿರಿಯರು ಕೈ ಬೀಸಿ ಕರೆದರು. ದೇವರನ್ನು ಮೇಲಿಂದ ನೋಡಬಾರದಂತೆ. ಇಳಿದು ಬಂದೆ.

ಆಗಸ್ಟ್ 13, ಭಾನುವಾರ. ಸಂಘದವರೇ ಕೊಟ್ಟ ಹಾಂಟೆನ್ ಅಂಗಿ, ತಲೆಗೆ ಬಟ್ಟೆ, ಕಾಲಿಗೆ ಹೆಬ್ಬೆರಳು ಬೇರೆ ಮಾಡಿದ ಜಿಕಾತಾಬಿ. ಮರದ ತುಂಡುಗಳನ್ನು ಟಕ್ ಅಂತ ಬಡಿದರೆ ಎತ್ತಬೇಕು. ‘ವಾಶ್ಶೋಯ್, ವಾಶ್ಶೋಯ್’ ಅಂತ ಹೆಜ್ಜೆ ಹಾಕಬೇಕು. ಈ ಹಬ್ಬದಲ್ಲಿ ಹೊರುವವರ ಮೇಲೆ ನೀರು ಎರಚುತ್ತಾರೆ. ಶುದ್ಧಿಗಂತೆ, ಆದರೆ ಆ ಸೆಖೆಗೆ ಜೀವ ಉಳಿಸೋದೂ ಅದೇ. ಮನೆ ಮುಂದೆ ಬಕೆಟ್ ಹಿಡಿದ ಅಜ್ಜಿಯರು, ಲಾರಿಗೆ ಪ್ಲಾಸ್ಟಿಕ್ ಹಾಸಿ ನೀರು ತುಂಬಿಟ್ಟವರು, ಪೈಪ್ ಹಿಡಿದ ಅಗ್ನಿಶಾಮಕದವರು. ಕಣ್ಣು ಬಿಡಲು ಆಗುತ್ತಿರಲಿಲ್ಲ. ಮುಂದಿನವನ ಬೆನ್ನೇ ದಾರಿ. ಒದ್ದೆ ಬಟ್ಟೆಯ ಕೆಳಗೆ ಹೆಗಲಿನ ಚರ್ಮ ಸುಲಿದದ್ದು ಮಧ್ಯಾಹ್ನ ಊಟಕ್ಕೆ ಕೂತಾಗಲೇ ತಿಳಿದದ್ದು.

ಕೊನೆಯ ಹೊತ್ತಿಗೆ ಸುಮಿದಾ ನದಿಯ ಏಯ್ತಾಯ್ ಸೇತುವೆ ದಾಟಬೇಕು. 1807ರಲ್ಲಿ ಇದೇ ಹಬ್ಬದ ಜನಸಂದಣಿಗೆ ಅಲ್ಲಿನ ಹಳೆಯ ಮರದ ಸೇತುವೆ ಕುಸಿದು ನೂರಾರು ಜನ ಸತ್ತರು. ಸೇತುವೆ ಹತ್ತುವಾಗ ಪಕ್ಕದ ಹುಡುಗ ಹೇಳಿದ. ಇಳಿದ ಮೇಲೆ ಹೇಳಬಾರದಿತ್ತಾ!

ರಾತ್ರಿ ನಾವೊರಾಯ್, ಅಂದರೆ ದೇವರಿಗೆ ಇಟ್ಟ ಸಾಕೆ (ಅಕ್ಕಿಯ ಮದ್ಯ), ತಿಂಡಿ ಎಲ್ಲರೂ ಕೂತು ಹಂಚಿಕೊಳ್ಳೋದು. ಪ್ರಸಾದವೇ, ಗಲಾಟೆ ಸ್ವಲ್ಪ ಜಾಸ್ತಿ. ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ತಿಪಟೂರು ಕಡೆಯ ನಮ್ಮೂರಲ್ಲಿ ತಾತ ಅಡ್ಡೆ ದೇವರನ್ನು ಹೊರುತ್ತಿದ್ದರು. ಅವರ ಹೆಗಲ ಮೇಲೆ ಹುಣಸೆಬೀಜದಂಥ ಗಂಟು ಇತ್ತು. ಇಲ್ಲಿನ ಹಿರಿಯರ ಹೆಗಲಲ್ಲೂ ಇದೆ, ಅದಕ್ಕೆ ‘ಮಿಕೋಶಿ ದಾಕೋ’ ಅಂತ ಹೆಸರೇ ಇದೆ. ಅದನ್ನು ಹೇಳೋಣ ಅಂತಿದ್ದೆ. ಅಮ್ಮ ನನ್ನ ಕಾಲು ನೋಡಿ, ‘ಚಪ್ಪಲಿ ಹಾಕ್ಕೊಂಡೇ ದೇವ್ರನ್ನ ಹೊತ್ಯೇನೋ?’ ಅಂದರು.

ಮರುವಾರ ಹಾಂಟೆನ್ ಒಗೆದು, ಇಸ್ತ್ರಿ ಮಾಡಿ ವಾಪಸ್ ಕೊಡಲು ಹೋದೆ. ಹಿರಿಯರು ಅದನ್ನು ತಗೊಂಡು, ಒಂದು ಹಲಗೆಗೆ ಸಿಕ್ಕಿಸಿದ ಹಾಳೆ ತೋರಿಸಿದರು. ಮುಂದಿನ ಭಾನುವಾರ ಬೆಳಿಗ್ಗೆ ಪಾರ್ಕ್ ಗುಡಿಸುವವರ ಪಟ್ಟಿ. ನನ್ನ ಹೆಸರು ಆಗಲೇ ಬರೆದಿತ್ತು.